ಬಣ್ಣದ ಬಾಟಲಿ, ಕಾದ ಟ್ಯಾಂಕು, ಬೀಗ ಹಾಕಿದ ಶೌಚಾಲಯ

ಪ್ರಶ್ನೆ: ನಾನು ಚಳ್ಳಕೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಆರು, ಏಳನೇ ತರಗತಿಯ ಮಕ್ಕಳು ದಿನಾ ಮನೆಯಿಂದ ಹತ್ತು ರೂಪಾಯಿ ತರುತ್ತಾರೆ. ಗೇಟಿನ ಎದುರಿನ ಅಂಗಡಿಯಲ್ಲಿ ಮಾವಿನ ಜ್ಯೂಸ್ ಕೊಳ್ಳುತ್ತಾರೆ, ಇಲ್ಲವೇ ಇಬ್ಬರು ಕೂಡಿ ಒಂದು ಎನರ್ಜಿ ಡ್ರಿಂಕ್ ಕೊಂಡು ಕುಡಿಯುತ್ತಾರೆ. ನೀರು ಕುಡಿಯಿರಿ ಅಂದರೆ "ಸಪ್ಪಗದಾವೆ ಮಿಸ್" ಅನ್ನುತ್ತಾರೆ. ಬೈದಿದ್ದಾಯಿತು, ಬುದ್ಧಿ ಹೇಳಿದ್ದಾಯಿತು. ಪೋಷಕರ ಸಭೆಯಲ್ಲಿ ಮಾತೆತ್ತಿದರೆ ಒಬ್ಬ ತಾಯಿ, "ಊರ ಬೋರ್ ನೀರಿನಾಗೆ ಫ್ಲೋರೈಡ್ ಐತಂತೆ, ಅದಕ್ಕಿಂತ ಬಾಟ್ಲಿ ಜ್ಯೂಸೇ ವಾಸಿ ಅಲ್ವಾ ಮೇಡಂ?" ಅಂದರು. ನನಗೆ ಉತ್ತರ ತೋಚಲಿಲ್ಲ. ಈ ಮಕ್ಕಳಿಗೆ ನೀರು ಕುಡಿಸುವುದು ಹೇಗೆ?

ಉತ್ತರ: ಮೇಡಂ, ಆ ತಾಯಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಒಪ್ಪಿಕೊಳ್ಳದೆ "ನೀರು ಕುಡಿಸಿ" ಎಂದರೆ ಯಾವ ತಾಯಿಯೂ ಕೇಳುವುದಿಲ್ಲ, ಕೇಳಬಾರದು ಕೂಡ.

ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ನೆಲದಡಿಯ ಬಂಡೆಯಿಂದ ಅದು ನೀರಿಗೆ ಇಳಿಯುತ್ತದೆ. ಹಾಗೆಂದು ಎಲ್ಲ ಬೋರ್‌ಗಳಲ್ಲೂ ಒಂದೇ ಪ್ರಮಾಣ ಇರುವುದಿಲ್ಲ. ಒಂದೇ ಊರಿನ ಎರಡು ಬೋರ್‌ಗಳ ನಡುವೆಯೇ ವ್ಯತ್ಯಾಸ ಇರಬಹುದು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು, ಅದರ ಮೇಲೆ ಕೂಡದು. ಇದಕ್ಕಿಂತ ಹೆಚ್ಚಿದ್ದರೆ ಬರುವ ಮೊದಲ ಗುರುತು ಹಲ್ಲಿನ ಮೇಲೆ. ಮೊದಲು ಸುಣ್ಣ ಬಳಿದಂತೆ ಬಿಳಿ ಗೆರೆ, ಹೆಚ್ಚಾದರೆ ಕಂದು ಪಟ್ಟೆ. ಎಡಬಲ ಎರಡೂ ಕಡೆಯ ಹಲ್ಲಿನಲ್ಲಿ ಒಂದೇ ಥರ ಇರುವುದು ಅದರ ಲಕ್ಷಣ. ಈ ಕಲೆ ಬೀಳುವುದು ಹಲ್ಲು ವಸಡಿನೊಳಗೆ ಬೆಳೆಯುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ. ನಿಮ್ಮ ಏಳನೇ ತರಗತಿಯ ಮಗುವಿಗೆ ಇವತ್ತು ನೀರು ಬದಲಿಸಿದರೂ ಕಲೆ ಹೋಗುವುದಿಲ್ಲ. ಆದರೆ ಮೂಳೆಗೆ ಸೇರುವುದು ನಿಲ್ಲುತ್ತದೆ, ಮತ್ತು ಒಂದನೇ ತರಗತಿಯ ಅದರ ತಂಗಿಯ ಹಲ್ಲು ಉಳಿಯುತ್ತದೆ.

ಹಾಗಾದರೆ ಮೊದಲ ಕೆಲಸ ಶಾಲೆಯ ನೀರನ್ನು ಪರೀಕ್ಷಿಸುವುದು. ಜಲಜೀವನ್ ಮಿಷನ್ ಬಂದ ಮೇಲೆ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಣ್ಣುಮಕ್ಕಳಿಗೇ ಅದನ್ನು ಬಳಸುವ ತರಬೇತಿಯೂ ಆಗಿದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಆ ಕಿಟ್ ಬಣ್ಣ ನೋಡಿ ಅಂದಾಜು ಹೇಳುತ್ತದೆ ಅಷ್ಟೇ. ಅನುಮಾನ ಬಂದರೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕಳಿಸಿ. ಬಂದ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿ. ಹೆಚ್ಚಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸುವುದೇ ದಾರಿ. ಇನ್ನೊಂದು ಮಾತು ಪೋಷಕರಿಗೆ ಹೇಳಲೇಬೇಕು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಕಾಯಿಸುವುದು ವಾಂತಿಭೇದಿಯ ಕ್ರಿಮಿಗೆ ಮದ್ದು, ಫ್ಲೋರೈಡಿಗಲ್ಲ.

ಆಮೇಲೆ ಆ ತಾಯಿಗೆ ಒಂದು ಪ್ರಶ್ನೆ ನೀವೂ ಕೇಳಬಹುದು. ಗೇಟಿನ ಹತ್ತಿರ ಡಬ್ಬಿ ಇಟ್ಟುಕೊಂಡು ಬರುವವರ ಐಸ್ ಕ್ಯಾಂಡಿ, ಪ್ಲಾಸ್ಟಿಕ್ ಕೊಳವೆಯ ಬಣ್ಣದ ಐಸು, ಇವನ್ನು ಯಾವ ನೀರಿನಲ್ಲಿ ಮಾಡುತ್ತಾರೆ? ಬಹಳ ಸಲ ಅದೂ ಬೋರ್ ನೀರೇ. ಬಣ್ಣ, ಸಕ್ಕರೆ ಸೇರಿಸಿದ ಮಾತ್ರಕ್ಕೆ ಫ್ಲೋರೈಡ್ ಓಡಿಹೋಗುವುದಿಲ್ಲ.

ಈಗ ಬಾಟಲಿಯ ವಿಷಯ. ಮಾವಿನ ಪಾನೀಯದ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 100 ಮಿಲಿಲೀಟರಿಗೆ ಎಷ್ಟು ಸಕ್ಕರೆ ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ 12ರಿಂದ 15 ಗ್ರಾಂ. ಕೋಲಾದಲ್ಲಿ 10-11. ನಡುವಿನ 13 ಹಿಡಿಯೋಣ. 150 ಮಿಲಿಲೀಟರ್ ಕುಡಿದರೆ ಹತ್ತೊಂಬತ್ತೂವರೆ ಗ್ರಾಂ, ಹತ್ತಿರ ಹತ್ತಿರ ಐದು ಚಹಾ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ತರಗತಿಯ ಮಗುವಿಗೆ ಆ ಶೇ. 5 ಎಂದರೆ ಸುಮಾರು 25 ಗ್ರಾಂ, ಆರು ಚಮಚ. ಬೆಳಗಿನ ಚಹಾ, ಬಿಸ್ಕೀಟು ಸೇರಿಸಿದರೆ ಮಧ್ಯಾಹ್ನದ ಬೆಲ್ಲಿಗೆ ಮುಂಚೆಯೇ ಲೆಕ್ಕ ಮುಗಿದಿರುತ್ತದೆ.

ಇದನ್ನು ಭಾಷಣ ಮಾಡಬೇಡಿ, ಗಣಿತದ ಪಿರಿಯಡ್‌ನಲ್ಲಿ ಲೆಕ್ಕ ಕೊಡಿ. ಖಾಲಿ ಪೊಟ್ಟಣ ಮಕ್ಕಳೇ ತರಲಿ, ಸಣ್ಣ ಅಕ್ಷರ ಅವರೇ ಓದಲಿ, ಬಿಸಿಯೂಟದ ಅಡುಗೆಮನೆಯಿಂದ ತಂದ ಸಕ್ಕರೆಯನ್ನು ಚಮಚದಲ್ಲಿ ಅಳೆದು ಕಾಗದದ ಮೇಲೆ ಸುರಿಯಲಿ. ವರ್ಷಕ್ಕೆ 220 ದಿನ ಶಾಲೆ, ದಿನಕ್ಕೊಂದು ಪೊಟ್ಟಣ. ಸಕ್ಕರೆ ನಾಲ್ಕು ಕಿಲೋ ದಾಟುತ್ತದೆ, ದುಡ್ಡು 2,200 ರೂಪಾಯಿ. ನಾನು ಕಂಡಂತೆ ಮಕ್ಕಳು ಸಕ್ಕರೆಯ ಗುಡ್ಡೆ ನೋಡಿ ನಗುತ್ತಾರೆ, ದುಡ್ಡಿನ ಲೆಕ್ಕ ಬಂದಾಗ ಸುಮ್ಮನಾಗುತ್ತಾರೆ. 2,200 ರೂಪಾಯಿಗೆ ಏನೇನು ಬರುತ್ತದೆ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಲ್ಲಿನ ವಿಷಯದಲ್ಲಿ ಎಷ್ಟು ಕುಡಿದರು ಅನ್ನುವುದರಷ್ಟೇ ಹೇಗೆ ಕುಡಿದರು ಅನ್ನುವುದೂ ಮುಖ್ಯ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆಮ್ಲದ ಅಳತೆ ಪಿಎಚ್, ಅದು ಇಳಿದಷ್ಟೂ ಆಮ್ಲ ಹೆಚ್ಚು. ಬಾಯಿಯೊಳಗಿನ ಪಿಎಚ್ 5.5ರ ಕೆಳಗೆ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಎಂಜಲು ಅದನ್ನು ಮತ್ತೆ ಸರಿದಾರಿಗೆ ತರಲು ಅರ್ಧ ಗಂಟೆಯಾದರೂ ಬೇಕು. ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡು ಪಿರಿಯಡ್ಡಿಗೊಂದು ಗುಟುಕು ಹೀರುವ ಮಗುವಿನ ಬಾಯಿಗೆ ಆ ಅರ್ಧ ಗಂಟೆ ಸಿಗುವುದೇ ಇಲ್ಲ. ಸಾಲದ್ದಕ್ಕೆ ಕೋಲಾ ತಾನೇ ಆಮ್ಲ, ಅದರ ಪಿಎಚ್ ಎರಡೂವರೆ ಆಸುಪಾಸು. ದೇಹದ ಮಾತಿಗೆ ಬಂದರೆ, 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಐದು ವರ್ಷ ದಾಟಿದ ಮಕ್ಕಳಲ್ಲಿ ಹತ್ತರಲ್ಲೊಬ್ಬರ ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿತ್ತು. ನಮ್ಮ ಕಡೆಯ ಮಕ್ಕಳು ಸಣಕಲು, ಅವರಿಗೇನು ಸಕ್ಕರೆ ಕಾಯಿಲೆ ಎಂಬ ಮಾತು ಇನ್ನು ನಡೆಯುವುದಿಲ್ಲ.

ಎನರ್ಜಿ ಡ್ರಿಂಕ್ ಬಗ್ಗೆ ಚರ್ಚೆಯೇ ಬೇಡ, ಅದು ಬಂದ್ ಆಗಲೇಬೇಕು. 250 ಮಿಲಿಲೀಟರಿನ ಬಾಟಲಿಯಲ್ಲಿ ಎಪ್ಪತ್ತು ಮಿಲಿಗ್ರಾಂ ಮೇಲೆ ಕೆಫೀನ್ ಇರಬಹುದು, ಒಂದು ಗಟ್ಟಿ ಫಿಲ್ಟರ್ ಕಾಫಿಯಷ್ಟು. ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಸಲ್ಲದು ಎಂದು ಲೇಬಲ್ಲಿನ ಮೇಲೆ ಬರೆಯುವುದು ಕಾನೂನಿನಂತೆ ಕಡ್ಡಾಯ. ಆ ಸಾಲನ್ನು ಏಳನೇ ತರಗತಿಯ ಹುಡುಗನಿಂದಲೇ ಜೋರಾಗಿ ಓದಿಸಿ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ನಿಮಗೆ ಗೊತ್ತಿರುವುದೇ. ನನಗೆ ನಿಜವಾಗಿ ಹೇಳಬೇಕಾಗಿರುವುದು ಮುಂದಿನದು. ಮಕ್ಕಳು ಜ್ಯೂಸ್ ಯಾಕೆ ಕುಡಿಯುತ್ತಾರೆ ಎಂದು ನಾವು ಕೇಳುತ್ತೇವೆ, ಸಿಹಿ ಅದಕ್ಕೆ ಎಂದು ನಾವೇ ಉತ್ತರಿಸಿಕೊಳ್ಳುತ್ತೇವೆ. ಶಾಲೆಯ ನೀರು ಯಾಕೆ ಕುಡಿಯುವುದಿಲ್ಲ ಎಂದು ಮಕ್ಕಳನ್ನು ಕೂರಿಸಿಕೊಂಡು ಕೇಳುವವರು ಕಡಿಮೆ. ವೈದ್ಯೆಯಾಗಿ ನಾನು ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ ಹೋದಾಗಲೆಲ್ಲ ಕೇಳುತ್ತೇನೆ. "ಬಾಳ ಬಿಸಿ ಇರ್ತಾವೆ." "ಟ್ಯಾಂಕ್ ವಾಸ್ನೆ." "ಸವಳು ಅದಾವೆ, ಸೋಪಿನ ನೀರು ಕುಡಿದಂಗೆ ಆಗುತ್ತೆ." ಇವು ಗಂಡುಹುಡುಗರು ಜೋರಾಗಿ ಹೇಳುವ ಕಾರಣಗಳು. ಹೆಣ್ಣುಮಕ್ಕಳ ಕಾರಣ ಕೇಳಬೇಕಾದರೆ ಗಂಡುಹುಡುಗರನ್ನು ಆಚೆ ಕಳಿಸಬೇಕು.

ಕೆಲವು ವರ್ಷಗಳ ಹಿಂದೆ ಹನ್ನೊಂದರ ಹುಡುಗಿಯೊಬ್ಬಳನ್ನು ಉರಿಮೂತ್ರ ಎಂದು ಆರು ತಿಂಗಳಲ್ಲಿ ಮೂರನೇ ಸಲ ಕರೆತಂದರು. ಎರಡು ಸಲ ನಾನೂ ಔಷಧಿ ಬರೆದು ಕಳಿಸಿದ್ದೆ. ನೀರು ಜಾಸ್ತಿ ಕುಡಿ ಎಂದು ಹೇಳಿಯೂ ಇದ್ದೆ. ಮೂರನೇ ಸಲ ಅವಳ ಅಮ್ಮನನ್ನು ಆಚೆ ಕೂರಿಸಿ ಕೇಳಿದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುತ್ತಾಳೆ, ಸಂಜೆ ಐದಕ್ಕೆ ಮನೆ ಸೇರಿದ ಮೇಲೆಯೇ ಒಂದಕ್ಕೆ ಹೋಗುವುದು. ಶಾಲೆಯಲ್ಲಿ ಶೌಚಾಲಯ ಇತ್ತು. ಅದರ ಬೀಗದ ಕೈ ಟೀಚರ್‌ಗಳ ಕೋಣೆಯಲ್ಲಿತ್ತು. ಕೇಳಿದರೆ ಕೊಡುತ್ತಿದ್ದರು, ಆದರೆ ಗಂಡು ಮೇಷ್ಟ್ರೂ ಕೂತಿರುವ ಕೋಣೆಗೆ ಹೋಗಿ ಕೇಳಬೇಕಿತ್ತು. "ನೀರು ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಮೇಡಂ" ಅಂದಳು. ನನ್ನ ಎರಡು ಚೀಟಿಗಳಿಗಿಂತ ಅವಳ ತರ್ಕ ಗಟ್ಟಿಯಾಗಿತ್ತು.

ನೀರು ಕುಡಿಯದಿರುವುದು ಬಹಳ ಮಕ್ಕಳಿಗೆ ಹಟವಲ್ಲ, ಲೆಕ್ಕಾಚಾರ. ಗಂಟಲು ಒಣಗಿದಾಗ ನಾಲ್ಕು ಗುಟುಕು ಸಿಹಿ ಹೀರಿದರೆ ಬಾಯಿ ಒದ್ದೆಯಾಗುತ್ತದೆ, ಎರಡು ಲೋಟ ನೀರಿನಂತೆ ಒಂದಕ್ಕೆ ಓಡಿಸುವುದಿಲ್ಲ. ಹೀಗೆ ದಿನವಿಡೀ ತಡೆದುಕೊಂಡ ಮಕ್ಕಳು ನನ್ನ ಹತ್ತಿರ ಬರುವುದು ಬೇರೆ ಬೇರೆ ಹೆಸರಿನಲ್ಲಿ. ಹೊಟ್ಟೆನೋವು, ಮಲಬದ್ಧತೆ, ಉರಿಮೂತ್ರ, ಮಧ್ಯಾಹ್ನದ ತಲೆನೋವು. ಕಲ್ಲಿನಂತಹ ಮಲ ಕರುಳಿನಲ್ಲಿ ಕೂತು ಮೂತ್ರಕೋಶವನ್ನು ಒತ್ತಿದರೆ ಹಾಸಿಗೆ ಒದ್ದೆ ಮಾಡುವುದೂ ಉಂಟು.

ಆದ್ದರಿಂದ ಮಡಕೆ, ಬಾಟಲಿ, ಘೋಷವಾಕ್ಯ ಎಲ್ಲಕ್ಕೂ ಮೊದಲು ಶೌಚಾಲಯದ ಬೀಗ ತೆಗೆಸಿ. ಒಳಗಿನಿಂದ ಹಾಕಿಕೊಳ್ಳುವ ಚಿಲಕ ಸರಿ ಇದೆಯೇ, ಒಂದು ಬಕೆಟ್ ನೀರು, ಮಗ್ಗು ಇದೆಯೇ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಗಂಡು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಮತ್ತು ಸುರಕ್ಷಿತ ಕುಡಿಯುವ ನೀರು ಎರಡೂ ಒಟ್ಟಿಗೇ ಇವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಇಟ್ಟು ಮಾತಾಡಲು ನಿಮಗೆ ಹಕ್ಕಿದೆ. ತರಗತಿಯ ಒಳಗಿನ ಒಂದು ಅಭ್ಯಾಸವೂ ಬದಲಾಗಬೇಕು. "ಒಂದಕ್ಕೆ ಹೋಗ್ಲಾ ಮಿಸ್?" ಅಂದರೆ "ಈಗ್ತಾನೆ ಬೆಲ್ ಆಯ್ತಲ್ಲ, ಕೂತ್ಕೋ" ಎಂಬ ಉತ್ತರ ನಾವೆಲ್ಲ ಕೇಳಿ ಬೆಳೆದದ್ದೇ. ನಲವತ್ತು ಮಕ್ಕಳ ತರಗತಿಯ ಕಷ್ಟ ನನಗೆ ಗೊತ್ತು, ಒಬ್ಬ ಎದ್ದರೆ ಹತ್ತು ಜನ ಏಳುತ್ತಾರೆ. ಮೊದಲ ಒಂದು ವಾರ ಹಾಗೇ ಆಗುತ್ತದೆ, ಸಹಿಸಿಕೊಳ್ಳಿ. ಆಮೇಲೆ ಅದರ ಮೋಜು ಹೋಗುತ್ತದೆ.

ಎರಡನೆಯದು ನೀರಿನ ಬಿಸಿ. ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಾರ್ಚ್ ತಿಂಗಳ ಮಧ್ಯಾಹ್ನ ಹನ್ನೆರಡಕ್ಕೆ ಸ್ನಾನಕ್ಕೆ ಆಗುವಷ್ಟು ಕಾದಿರುತ್ತದೆ. ಅದನ್ನು ಕುಡಿ ಎಂದರೆ ನಾನೂ ಕುಡಿಯಲಾರೆ. ಇದಕ್ಕೆ ಕೂಲರ್ ಬೇಡ, ಮಡಕೆ ಸಾಕು. ಮಡಕೆ ತಣ್ಣಗಾಗುವುದು ಅದರ ಮೈಯಿಂದ ನೀರು ಜಿನುಗಿ ಆರುವುದರಿಂದ, ಗಾಳಿ ಒಣಗಿದಷ್ಟೂ ಕೆಲಸ ಚುರುಕು. ಮಂಗಳೂರಿನ ತೇವದ ಗಾಳಿಯಲ್ಲಿ ಮಡಕೆ ಅಷ್ಟಕ್ಕಷ್ಟೇ, ಚಳ್ಳಕೆರೆಯ ಒಣಗಾಳಿಯಲ್ಲಿ ಅದಕ್ಕೆ ಸಮನಿಲ್ಲ. ಗಾಳಿಯಾಡುವ ಜಾಗದಲ್ಲಿ, ಬೇವಿನ ಮರದ ನೆರಳಿದ್ದರೆ ಇನ್ನೂ ಒಳ್ಳೆಯದು, ಸ್ಟ್ಯಾಂಡಿನ ಮೇಲೆ ಇಡಿ, ಸುತ್ತ ಒದ್ದೆ ಗೋಣಿತಟ್ಟು ಸುತ್ತಿ. ನಲ್ಲಿ ಕೂರಿಸಿದ ಮಡಕೆಯೇ ಬೇಕು. ಲೋಟ ಅದ್ದುವ ಮಡಕೆ ಇಟ್ಟರೆ ಇಪ್ಪತ್ತು ಕೈ ಅದರೊಳಗೆ ಹೋಗುತ್ತದೆ, ಹೊಟ್ಟೆ ಕೆಟ್ಟು ನೀರಿಗೇ ಕೆಟ್ಟ ಹೆಸರು ಬರುತ್ತದೆ. ವಾರಕ್ಕೊಮ್ಮೆ ತೆಂಗಿನ ನಾರಿನಲ್ಲಿ ಸೋಪಿಲ್ಲದೆ ಉಜ್ಜಿ ಬಿಸಿಲಿಗೆ ಬೋರಲು ಹಾಕಿ. ನಮ್ಮ ಗಡಸು ನೀರಿನ ಉಪ್ಪು ಕೂತು ಮಡಕೆಯ ಕಣ್ಣು ಮುಚ್ಚಿಕೊಳ್ಳುವುದರಿಂದ ವರ್ಷದಲ್ಲಿ ಅದು ತಣ್ಣಗೆ ಮಾಡುವುದನ್ನು ಬಿಡುತ್ತದೆ. ಪ್ರತಿ ಬೇಸಿಗೆಗೆ ಹೊಸ ಮಡಕೆ ತನ್ನಿ, ಕುಂಬಾರರಿಗೂ ವ್ಯಾಪಾರ. ದಾನಿಗಳು ಶಾಲೆಗೆ ಏನು ಕೊಡಲಿ ಎಂದು ಕೇಳಿದಾಗ ಗೋಡೆ ಗಡಿಯಾರದ ಬದಲು ನಾಲ್ಕು ಮಡಕೆ ಎನ್ನಿ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟಿಗೆ ಇಡುವ ಊರುಗಳು ನಮ್ಮವು, ಶಾಲೆಗೆ ಇಡಲು ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನು "ಸಪ್ಪೆ". ಚಿತ್ರದುರ್ಗದ ಪೇಟೆಯಲ್ಲಿ ಸಿಹಿನೀರು ಹೊಂಡ ಇದೆಯಲ್ಲ, ಮಕ್ಕಳನ್ನು ಕೋಟೆಗೆ ಕರೆದೊಯ್ದಾಗ ಅದನ್ನೂ ತೋರಿಸಿ, ಅದಕ್ಕೆ ಆ ಹೆಸರು ಯಾಕೆ ಎಂದು ಕೇಳಿ. ಅದರಲ್ಲಿ ಯಾರೂ ಸಕ್ಕರೆ ಕಲಸಿರಲಿಲ್ಲ. ಉಪ್ಪಿಲ್ಲದ, ಕುಡಿಯಲು ಹಿತವಾದ ನೀರಿಗೆ ಈ ಬಯಲುಸೀಮೆಯವರು ಇಟ್ಟ ಹೆಸರೇ ಸಿಹಿನೀರು. ಒನಕೆ ಓಬವ್ವನ ಕಥೆ ನಿಮ್ಮ ಮಕ್ಕಳಿಗೆ ಬಾಯಿಪಾಠ ಇರುತ್ತದೆ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದಾಗಲೇ ಅವಳು ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಕಂಡದ್ದು ಎಂದು ನೆನಪಿಸಿ. ಮಕ್ಕಳಿಗೆ ಇಂಥ ಕೊಕ್ಕೆ ಸಿಕ್ಕರೆ ಸಾಕು, ಅವರೇ ಮುಂದುವರಿಸುತ್ತಾರೆ. ನಾಲಿಗೆಯೂ ಕಲಿಯುತ್ತದೆ. ದಿನಾ ಸಿಹಿ ಬಿದ್ದ ನಾಲಿಗೆಗೆ ನೀರು ಸಪ್ಪೆ, ಕೆಲವು ವಾರ ಸಿಹಿ ಕಡಿಮೆಯಾದರೆ ಅದೇ ಜ್ಯೂಸ್ ಅತಿ ಸಿಹಿ ಅನಿಸತೊಡಗುತ್ತದೆ. ಅಲ್ಲಿಯವರೆಗೆ ಮಡಕೆಗೆ ನಾಲ್ಕು ತುಳಸಿ ಎಲೆಯೋ ಒಂದು ಹಿಡಿ ಲಾವಂಚವೋ ಹಾಕಿದರೆ ತಪ್ಪಿಲ್ಲ, ದಿನಾ ತೆಗೆದು ಹೊಸದು ಹಾಕಬೇಕು ಅಷ್ಟೇ.

ಗಂಟೆಯ ವಿಷಯ. 2019ರಲ್ಲಿ ಕೇರಳದ ಶಾಲೆಗಳ ವಾಟರ್ ಬೆಲ್, ಅಂದರೆ ನೀರು ಕುಡಿಯಲೆಂದೇ ಹೊಡೆಯುವ ಗಂಟೆ, ದೊಡ್ಡ ಸುದ್ದಿಯಾಗಿ ನಮ್ಮ ರಾಜ್ಯದಲ್ಲೂ ಅದರ ಮಾತು ಎದ್ದಿತು. ಒಳ್ಳೆಯ ಉಪಾಯ, ಖರ್ಚಿಲ್ಲ. ದಿನಕ್ಕೆ ಮೂರು ಸಲ ಗಂಟೆ ಹೊಡೆದಾಗ ಮಕ್ಕಳ ಜೊತೆ ನೀವೂ ಒಂದು ಲೋಟ ಕುಡಿಯಿರಿ. ಇಲ್ಲಿ ಒಂದು ಕಹಿ ಮಾತು. ಶಾಲೆಗೆ ಸಾಹೇಬರು ಬಂದಾಗ ಓಡಿಹೋಗಿ ಕೂಲ್ ಡ್ರಿಂಕ್ಸ್ ತರುವುದು ಏಳನೇ ತರಗತಿಯ ಹುಡುಗನೇ ತಾನೆ? ಮರ್ಯಾದಸ್ಥರು ಕುಡಿಯುವುದು ಯಾವುದು ಎಂದು ಅವನು ಅಲ್ಲೇ ಕಲಿಯುತ್ತಾನೆ. ಮುಂದಿನ ಸಲ ಮಜ್ಜಿಗೆ ತರಿಸಿ.

ಎಷ್ಟು ನೀರು ಎಂದು ಪೋಷಕರು ಕೇಳುತ್ತಾರೆ. ಈ ವಯಸ್ಸಿಗೆ ಊಟದೊಳಗಿನ ನೀರೂ ಸೇರಿ ದಿನಕ್ಕೆ ಎರಡು ಲೀಟರ್ ಆಸುಪಾಸು, ಬೇಸಿಗೆಯಲ್ಲಿ ಆಡುವ ಮಗುವಿಗೆ ಇನ್ನೂ ಹೆಚ್ಚು. ಶಾಲೆಯ ಹೊತ್ತಿನಲ್ಲಿ ನಾಲ್ಕು ಲೋಟ ಹೋದರೆ ನನಗೆ ಸಮಾಧಾನ. ಅಳತೆಗಿಂತ ಸುಲಭದ ಗುರುತು ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿ ಇದ್ದರೆ ಕುಡಿದದ್ದು ಸಾಲದು.

ಇದೆಲ್ಲ ಮಾಡಿದರೆ ಫಲ ಸಿಗುತ್ತದೆಯೇ? ಜರ್ಮನಿಯ ಡಾರ್ಟ್‌ಮುಂಡ್ ಮತ್ತು ಎಸ್ಸೆನ್ ನಗರಗಳ 32 ಪ್ರಾಥಮಿಕ ಶಾಲೆಗಳ ಸುಮಾರು ಮೂರು ಸಾವಿರ ಮಕ್ಕಳ ಮೇಲೆ ಒಂದು ಅಧ್ಯಯನ ನಡೆದು 2009ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಿಗೆ ನೀರಿನ ಕಾರಂಜಿ ನಲ್ಲಿ ಹಾಕಿಸಿ, ಮಕ್ಕಳಿಗೆ ಬಾಟಲಿ ಕೊಟ್ಟು, ನೀರಿನ ಬಗ್ಗೆ ನಾಲ್ಕು ಪಾಠ ಮಾಡಿದರು. ಒಂದು ಶಾಲಾ ವರ್ಷದಲ್ಲಿ ಆ ಮಕ್ಕಳು ದಿನಕ್ಕೆ ಒಂದು ಲೋಟ ಹೆಚ್ಚು ನೀರು ಕುಡಿಯತೊಡಗಿದರು, ತೂಕ ಮೀರುವ ಅಪಾಯ ಶೇ. 31ರಷ್ಟು ಕಡಿಮೆಯಾಯಿತು. ಆದರೆ ಜ್ಯೂಸ್ ಕುಡಿಯುವುದು ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ನೀರು ಹತ್ತಿರ ಬಂದರೆ ಮಕ್ಕಳು ಕುಡಿಯುತ್ತಾರೆ, ಬಾಟಲಿ ಹತ್ತಿರದಲ್ಲೇ ಇದ್ದರೆ ಅದನ್ನೂ ಕುಡಿಯುತ್ತಾರೆ. ಹಾಗಾಗಿ ಗೇಟಿನ ಎದುರಿನ ಅಂಗಡಿಯನ್ನು ಬಿಡುವ ಹಾಗಿಲ್ಲ.

ಕಾನೂನು ನಿಮ್ಮ ಕಡೆಗಿದೆ. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ತಿನಿಸು, ಪಾನೀಯಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆದರೆ ಹಳ್ಳಿಯಲ್ಲಿ ಆ ಅಂಗಡಿಯವರು ಯಾರದೋ ಸೋದರಮಾವ, ಯಾರದೋ ದೊಡ್ಡಪ್ಪ. ಮೊದಲ ದಿನವೇ ದೂರು ಕೊಟ್ಟರೆ ಊರೇ ನಿಮ್ಮ ಮೇಲೆ ಬೀಳುತ್ತದೆ. "ಅಣ್ಣಾ, ಎನರ್ಜಿ ಡ್ರಿಂಕ್ ನಮ್ಮ ಮಕ್ಕಳಿಗೆ ಕೊಡಬೇಡಿ" ಎಂದು ಅಲ್ಲಿಂದ ಶುರು ಮಾಡಿ, ಆ ಮಾತಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಆಮೇಲೆ ಹತ್ತು ರೂಪಾಯಿಗೆ ಬೇರೇನು ಮಾರಬಹುದು ಎಂದು ಕೇಳಿ. ಶೇಂಗಾಕ್ಕೆ ಹೆಸರಾದ ತಾಲ್ಲೂಕು ನಿಮ್ಮದು, ಹುರಿದ ಶೇಂಗಾ ಪೊಟ್ಟಣ, ಉಪ್ಪುಖಾರ ಹಚ್ಚಿದ ಸೌತೆಕಾಯಿ, ಪೇರಲೆ, ಮಜ್ಜಿಗೆ ಪ್ಯಾಕೆಟ್. ಅವರಿಗೆ ಬೇಕಾದದ್ದು ಹತ್ತು ರೂಪಾಯಿ, ಜ್ಯೂಸ್ ಮಾರಲೇಬೇಕೆಂಬ ಹರಕೆಯೇನೂ ಇರುವುದಿಲ್ಲ.

ಮನೆಯವರು ಕೇಳುವ ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ಬೆಲ್ಲದ ಪಾನಕ ಆಗಬಹುದೇ? ರಾಮನವಮಿಗೆ ಧಾರಾಳವಾಗಿ ಕುಡಿಯಲಿ, ದಿನಾ ಬೇಡ, ಹಲ್ಲಿಗೆ ಬೆಲ್ಲವೂ ಸಕ್ಕರೆಯೇ. ಶಾಲೆಯ ಕ್ಷೀರಭಾಗ್ಯದ ಹಾಲು ಬಿಡಿಸಬೇಡಿ, ಫ್ಲೋರೈಡ್ ಇರುವ ಸೀಮೆಯಲ್ಲಿ ಕ್ಯಾಲ್ಸಿಯಂ ಮಕ್ಕಳ ಮೂಳೆಗೆ ಆಸರೆ. ಚಹಾ ಬಿಡಿಸಿ. ಚಹಾಸೊಪ್ಪಿನಲ್ಲೂ ಫ್ಲೋರೈಡ್ ಇದೆ, ಊಟದ ಜೊತೆ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಕ್ಕರೆ ಇಲ್ಲದ ಡಯಟ್ ಕೋಲಾವನ್ನು ಮಕ್ಕಳಿಗೆ ನಾನು ಹೇಳುವುದಿಲ್ಲ, ಸಿಹಿಯ ಚಟ ಅದರಿಂದ ಹೋಗುವುದಿಲ್ಲ. ಔಷಧಿ ಅಂಗಡಿಯ ಡಬ್ಬಿ ಪಾನೀಯವನ್ನು ಓಆರ್‌ಎಸ್ (ವಾಂತಿಭೇದಿಗೆ ಕೊಡುವ ಉಪ್ಪು, ಗ್ಲೂಕೋಸಿನ ದ್ರಾವಣ) ಎಂದು ನಂಬಿ ಬಿಸಿಲಿಗೆ ಕುಡಿಸುವವರಿದ್ದಾರೆ. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಅಷ್ಟೇ, ಹಣ್ಣಿನ ಪಾನೀಯದಲ್ಲಿ ಅದರ ಎಷ್ಟೋ ಪಟ್ಟು ಸಕ್ಕರೆ. ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದು ಎಂದು 2025ರ ಅಕ್ಟೋಬರಿನಲ್ಲಿ ಆಹಾರ ಪ್ರಾಧಿಕಾರ ಆದೇಶಿಸಿತು. ವಾಂತಿಭೇದಿಯಾದಾಗ ಬೇಕಾದದ್ದು ಆರೋಗ್ಯ ಕೇಂದ್ರದಲ್ಲಿ ಕೊಡುವ ಪುಡಿಯ ಪ್ಯಾಕೆಟ್, ಒಂದು ಲೀಟರ್ ನೀರಿಗೆ ಒಂದು.

ಮಕ್ಕಳು ನೀರು ಕುಡಿಯತೊಡಗಿದ ಮೇಲೆ ಒಂದನ್ನು ಗಮನಿಸುತ್ತಿರಿ. ಮಿಕ್ಕವರಿಗಿಂತ ವಿಪರೀತ ನೀರು ಕುಡಿಯುವ, ಪಿರಿಯಡ್ಡಿಗೊಮ್ಮೆ ಒಂದಕ್ಕೆ ಓಡುವ, ರಾತ್ರಿಯೂ ನಾಲ್ಕಾರು ಸಲ ಏಳುವ, ತಿಂದರೂ ಸೊರಗುತ್ತಿರುವ ಮಗು ಕಂಡರೆ ಅದನ್ನು ಒಳ್ಳೆಯ ಅಭ್ಯಾಸ ಎಂದು ಹೊಗಳಬೇಡಿ. ಮಕ್ಕಳಿಗೆ ಬರುವ ಒಂದನೇ ಬಗೆಯ ಮಧುಮೇಹ ಹೀಗೇ ಶುರುವಾಗುತ್ತದೆ. ಜ್ಯೂಸ್ ಕುಡಿದದ್ದರಿಂದ ಬಂದದ್ದಲ್ಲ ಎಂದು ಪೋಷಕರಿಗೆ ಹೇಳಿ, ಅವರು ಮಗುವನ್ನು ಬೈಯುವಂತಾಗಬಾರದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ಗೊತ್ತಾಗುತ್ತದೆ. ವಾಂತಿ ಅಥವಾ ಏದುಸಿರು ಜೊತೆಗಿದ್ದರೆ ಸಂಜೆಯ ಬೆಲ್ಲಿಗೂ ಕಾಯದೆ ಕಳಿಸಿಬಿಡಿ.